ನೆಟ್‌ವರ್ಕ್ ನಿಮ್ಮನ್ನ ಕೇಳೋ ಮೊದಲು ನೀವು ನೆಟ್‌ವರ್ಕನ್ನ ಕೇಳಿ: ಕಾಲೇಜಿಗೆ 802.1ಎಕ್ಸ್ ಹಾಕೋದು

ಕಾಲೇಜಿನ ನೆಟ್‌ವರ್ಕ್ ನೋಡ್ಕೊಳ್ಳೋ ನಿಮಗೆ ಇವತ್ತು 802.1ಎಕ್ಸ್ ಬಗ್ಗೆ ಹೇಳ್ತೀನಿ, ಅಂದ್ರೆ ನೆಟ್‌ವರ್ಕ್ ಒಳಗೆ ಬಿಡೋ ಮೊದಲೇ ಪ್ರತಿಯೊಬ್ಬರನ್ನೂ ಯಾರು ಅಂತ ಬಾಗಿಲಲ್ಲೇ ಕೇಳೋ ವ್ಯವಸ್ಥೆ. ಎಲ್ಲರಿಗೂ ಒಂದೇ ವೈಫೈ ಪಾಸ್‌ವರ್ಡ್ ಇರೋ ಕಾಲೇಜಿನವರು ಇಲ್ಲಿ ಸುಮಾರು ಜನ ಇದೀರ, ಟೀ ಹೊತ್ತಲ್ಲಿ ಮಾತಾಡ್ತಾ ಗೊತ್ತಾಯ್ತು. ಅದರಲ್ಲಿ ತೊಂದರೆ ಏನು ಅಂತ ಕೇಳಿದ್ರೆ "ಪಾಸ್‌ವರ್ಡ್ ಲೀಕ್ ಆಗತ್ತೆ ಸರ್" ಅಂತೀರ. ಲೀಕ್ ಆಗೋದು ಸಣ್ಣ ತೊಂದರೆ. ಡಬ್ಲ್ಯೂಪಿಎ2 ಪರ್ಸನಲ್‌ನಲ್ಲಿ, ಅಂದ್ರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರೋ ವೈಫೈ ರಕ್ಷಣೆಯಲ್ಲಿ, ಪಾಸ್‌ವರ್ಡ್ ಗೊತ್ತಿರೋ ಯಾರೇ ಆಗ್ಲಿ, ಪಕ್ಕದವನ ಫೋನ್ ಕನೆಕ್ಟ್ ಆಗೋವಾಗ ಹೋಗಿಬರೋ ನಾಲ್ಕು ಪ್ಯಾಕೆಟ್ ಹಿಡ್ಕೊಂಡ್ರೆ ಸಾಕು, ಅವನ ಕೀ ಲೆಕ್ಕ ಹಾಕಿ ಅವನ ಟ್ರಾಫಿಕ್ ಬಿಚ್ಚಿ ನೋಡ್ಬಹುದು, ಅದಕ್ಕೆ ಬೇಕಾದ ಸೆಟ್ಟಿಂಗ್ ಪ್ಯಾಕೆಟ್ ಹಿಡಿದು ತೋರಿಸೋ ವೈರ್‌ಶಾರ್ಕ್ ಸಾಫ್ಟ್‌ವೇರ್‌ನಲ್ಲೇ ಇದೆ. 2018ರಲ್ಲಿ ಬಂದ ಡಬ್ಲ್ಯೂಪಿಎ3ನಲ್ಲಿ ಇದು ಸರಿಹೋಯ್ತು ನಿಜ, ಆದ್ರೆ ಪಾಸ್‌ವರ್ಡ್ ಎಲ್ಲರಿಗೂ ಒಂದೇ ಆಗಿರೋ ತನಕ ಯಾರು ಬಂದ್ರು ಯಾರು ಹೋದ್ರು ಅನ್ನೋದು ಅದರಲ್ಲೂ ಗೊತ್ತಾಗಲ್ಲ.

ಯಾರು ಅನ್ನೋದು ಯಾಕೆ ಬೇಕು ಅಂದ್ರೆ, 2008ರ ಅಹಮದಾಬಾದ್ ಸ್ಫೋಟದ ಹೊತ್ತಲ್ಲಿ ಬೆದರಿಕೆ ಇಮೇಲ್ ಹೋಗಿದ್ದು ನವಿ ಮುಂಬೈನ ಯಾರದೋ ಮನೆಯ ವೈಫೈಯಿಂದ, ಪೊಲೀಸರು ಮೊದಲು ಹೋಗಿದ್ದು ಆ ಮನೆ ಬಾಗಿಲಿಗೆ. ಈಗ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಕೊಟ್ಟಿರೋ 2022ರ ಏಪ್ರಿಲ್‌ನ ಆದೇಶ ಇದೆ, ಲಾಗ್‌ಗಳನ್ನ 180 ದಿನ ಇಟ್ಕೊಳ್ಬೇಕು, ಅದೂ ದೇಶದ ಒಳಗೇ. ನಾಳೆ ನಿಮ್ಮ ಪ್ರಿನ್ಸಿಪಾಲರಿಗೆ ಒಂದು ನೋಟಿಸ್ ಬಂತು ಅಂತಿಟ್ಕೊಳ್ಳಿ, ಇಂಥ ದಿನ ಇಂಥ ಹೊತ್ತಲ್ಲಿ ನಿಮ್ಮ ಐಪಿಯಿಂದ ಇದು ಹೋಗಿದೆ, ಯಾರು ಹೇಳಿ ಅಂತ. ನಿಮ್ಮ ಹತ್ರ ಇರೋದು ಒಂದು ಮ್ಯಾಕ್ ಅಡ್ರೆಸ್, ಅಂದ್ರೆ ಡಿವೈಸಿನ ನೆಟ್‌ವರ್ಕ್ ಗುರುತಿನ ನಂಬರ್, ಅದೂ ಆಂಡ್ರಾಯ್ಡ್ 10 ಮತ್ತೆ ಐಓಎಸ್ 14 ಬಂದಮೇಲೆ ಫೋನೇ ಹುಟ್ಟುಹಾಕಿರೋ ಸುಳ್ಳು ಮ್ಯಾಕ್ ಅಡ್ರೆಸ್.

"ನಮ್ಮಲ್ಲಿ ಲಾಗಿನ್ ಪೇಜ್ ಬರತ್ತೆ" ಅಂತ ಹಿಂದಿನ ಸಾಲಲ್ಲಿ ಒಬ್ರು ಹೇಳ್ತಿದಾರೆ. ಅದು ಬೇರೆ ವಿಷಯ. ಲಾಗಿನ್ ಪೇಜಲ್ಲಿ ನೀವು ಮೊದಲು ನೆಟ್‌ವರ್ಕ್ ಒಳಗೆ ಬಂದಾಗಿರತ್ತೆ, ಐಪಿ ಸಿಕ್ಕಿರತ್ತೆ, ಪಕ್ಕದ ಮಶೀನ್ ಕಾಣ್ತಿರತ್ತೆ, ಆಮೇಲೆ ಇಂಟರ್ನೆಟ್‌ಗೆ ಹೋಗೋ ಬಾಗಿಲಲ್ಲಿ ಹೆಸರು ಕೇಳ್ತಾರೆ. ಲಾಗಿನ್ ಆದಮೇಲೂ ಆ ಬಾಗಿಲು ಕಾಯೋ ಫೈರ್‌ವಾಲ್ ನೆನಪಿಟ್ಕೊಳ್ಳೋದು ಆ ಮ್ಯಾಕನ್ನೋ ಐಪಿಯನ್ನೋ ಅಷ್ಟೇ, ಅದನ್ನ ಕಾಪಿ ಹೊಡೆದ ಹುಡುಗ ನಿಮ್ಮ ಹೆಸರಲ್ಲೇ ಓಡಾಡ್ತಾನೆ. ಗೆಸ್ಟ್‌ಗಳಿಗೆ ಇರ್ಲಿ ಬಿಡಿ, ಸ್ಟಾಫಿಗೂ ಸ್ಟೂಡೆಂಟ್ಸಿಗೂ ಸಾಲಲ್ಲ.

802.1ಎಕ್ಸ್ ಅನ್ನೋದು 2001ರಲ್ಲಿ ಬಂದ ಐಇಇಇ ಸ್ಟ್ಯಾಂಡರ್ಡ್, ತಮಾಷೆ ಅಂದ್ರೆ ಅದನ್ನ ಮಾಡಿದ್ದು ವೈರ್ ನೆಟ್‌ವರ್ಕಿಗೆ, ವೈಫೈನವರು ಆಮೇಲೆ ಎತ್ಕೊಂಡ್ರು, ಈಗ ವೈಫೈನಲ್ಲೇ ಜಾಸ್ತಿ ಓಡ್ತಿದೆ. ಅದರಲ್ಲಿ ಮೂರು ಜನ ಇರ್ತಾರೆ. ಫೋನಲ್ಲೋ ಲ್ಯಾಪ್‌ಟಾಪಲ್ಲೋ ಇರೋ ಸಪ್ಲಿಕೆಂಟ್ ಅನ್ನೋ ಸಾಫ್ಟ್‌ವೇರ್, ಮಧ್ಯದಲ್ಲಿ ವೈರುಗಳನ್ನ ಸೇರಿಸೋ ಸ್ವಿಚ್ಚೋ ವೈಫೈ ಕೊಡೋ ಆಕ್ಸೆಸ್ ಪಾಯಿಂಟೋ, ಹಿಂದೆ ಯಾರನ್ನ ಬಿಡ್ಬೇಕು ಅಂತ ತೀರ್ಮಾನ ಮಾಡೋ ರೇಡಿಯಸ್ ಸರ್ವರ್. ಮಧ್ಯದವನಿಗೆ ಪಾಸ್‌ವರ್ಡ್ ಗೊತ್ತಿಲ್ಲ, ಗೊತ್ತಿರಬೇಕಾಗೂ ಇಲ್ಲ, ಅವನು ಈ ಕಡೆಯ ಮಾತನ್ನ ಆ ಕಡೆಗೆ ದಾಟಿಸ್ತಾನೆ, ಸರ್ವರ್ "ಬಿಡು" ಅಂದ್ರೆ ಪೋರ್ಟ್ ತೆಗೀತಾನೆ. ಅಲ್ಲೀವರೆಗೆ ಆ ಪೋರ್ಟಲ್ಲಿ ಇಎಪಿ, ಅಂದ್ರೆ ಈ ಗುರುತು ಕೇಳೋ ಮಾತುಕತೆಯ ಪ್ಯಾಕೆಟ್ ಬಿಟ್ರೆ ಇನ್ನೇನೂ ಹೋಗಲ್ಲ, ಐಪಿ ಹಂಚೋ ಡಿಎಚ್‌ಸಿಪಿ ಕೂಡ ಇಲ್ಲ. ಇದನ್ನ ಸರಿಯಾಗಿ ಗಮನಿಸಿ, ಮುಂದೆ ಪ್ರಿಂಟರ್ ವಿಷಯ ಬಂದಾಗ ಬೇಕಾಗತ್ತೆ. ವೈಫೈನಲ್ಲಿ ಇನ್ನೊಂದು ಲಾಭ ಇದೆ, ಈ ಮಾತುಕತೆ ಮುಗಿಯೋ ಹೊತ್ತಿಗೆ ಪ್ರತಿಯೊಬ್ಬರಿಗೂ ಅವರದೇ ಬೇರೆ ಕೀ ಹುಟ್ಟತ್ತೆ, ಹಾಗಾಗಿ ಪಕ್ಕದವನ ಟ್ರಾಫಿಕ್ ಬಿಚ್ಚೋ ಆಟ ಅಲ್ಲಿಗೆ ಮುಗೀತು.

ರೇಡಿಯಸ್ ಇದಕ್ಕಿಂತ ಹಳೇದು. 1991ರಲ್ಲಿ ಲಿವಿಂಗ್‌ಸ್ಟನ್ ಅನ್ನೋ ಕಂಪನಿ ಡಯಲ್-ಅಪ್ ಮೋಡೆಮ್ ಸರ್ವರ್‌ಗಳಿಗೆ ಅಂತ ಮಾಡಿದ್ದು. ಫೋನ್ ಲೈನಲ್ಲಿ ಕೀಂಯ್ ಅಂತ ಸದ್ದು ಕೇಳ್ಕೊಂಡು ಕನೆಕ್ಟ್ ಆಗ್ತಿದ್ದವರು ಇಲ್ಲಿ ಕೆಲವರಾದ್ರೂ ಇರ್ತೀರ, ಆ ಕಾಲದ ಪ್ರೋಟೋಕಾಲ್ ಇದು. ಮುಟ್ತಾ ಅಂತ ಕೇಳದೇ ಪ್ಯಾಕೆಟ್ ಕಳಿಸೋ ಯುಡಿಪಿ ಮೇಲೆ ಓಡತ್ತೆ, ರಕ್ಷಣೆಗೆ ಇರೋದು ಎರಡೂ ಕಡೆಗೆ ಗೊತ್ತಿರೋ ಒಂದು ಶೇರ್ಡ್ ಸೀಕ್ರೆಟ್ ಮತ್ತೆ ಎಂಡಿ5 ಅನ್ನೋ ಹಳೇ ಹ್ಯಾಷ್, ಹ್ಯಾಷ್ ಅಂದ್ರೆ ಮಾಹಿತಿಯನ್ನ ಅರೆದು ಮಾಡೋ, ಹಿಂದಕ್ಕೆ ಬಿಚ್ಚೋಕಾಗದ ಗುರುತು. ಇವತ್ತಿನ ಕಣ್ಣಲ್ಲಿ ನೋಡಿದ್ರೆ ನಾಚಿಕೆ ಆಗ್ಬೇಕು, ಆದ್ರೆ ಪ್ರಪಂಚದ ಎಲ್ಲಾ ಸ್ವಿಚ್ಚಿಗೂ ಬರೋ ಭಾಷೆ ಇದೇ.

ರೇಡಿಯಸ್ ಸರ್ವರ್‌ಗೆ ನನ್ನ ಸಲಹೆ ಫ್ರೀರೇಡಿಯಸ್ ಅನ್ನೋ ಸಾಫ್ಟ್‌ವೇರ್. ಯೂಸರ್‌ಗಳ ಪಟ್ಟಿಗೆ ವಿಂಡೋಸ್ ಆಕ್ಟಿವ್ ಡೈರೆಕ್ಟರಿ ಇರೋರು ವಿಂಡೋಸಿನದೇ ರೇಡಿಯಸ್ ಸರ್ವರ್ ಎನ್‌ಪಿಎಸ್ ಹಾಕ್ಕೊಳ್ಳಿ, ಅದೂ ಕೆಲಸ ಮಾಡತ್ತೆ, ಆದ್ರೆ ಏನಾದ್ರೂ ಕೆಟ್ರೆ ಎನ್‌ಪಿಎಸ್ ಬಾಯಿ ಬಿಡಲ್ಲ, ಫ್ರೀರೇಡಿಯಸ್ ಅತಿಯಾಗಿ ಮಾತಾಡತ್ತೆ. ಡೆಬಿಯನ್ ಲಿನಕ್ಸ್‌ನಲ್ಲೋ ಉಬುಂಟುನಲ್ಲೋ ಫ್ರೀರೇಡಿಯಸ್ ಇನ್‌ಸ್ಟಾಲ್ ಮಾಡಿ, ಸರ್ವಿಸ್ ನಿಲ್ಲಿಸಿ, ಟರ್ಮಿನಲ್‌ನಲ್ಲಿ ಫ್ರೀರೇಡಿಯಸ್ ಅಂತ ಹೊಡೆದು ಮುಂದೆ ಮೈನಸ್ ದೊಡ್ಡ ಎಕ್ಸ್ ಹಾಕಿ. ಇದೇ ಡೀಬಗ್ ಮೋಡ್. ಬರೋ ಪ್ರತಿ ಪ್ಯಾಕೆಟ್ಟಿಗೂ ಏನು ಬಂತು, ಯಾವ ಮಾಡ್ಯೂಲ್ ನೋಡ್ತು, ಯಾಕೆ ಬೇಡ ಅಂತು ಎಲ್ಲಾ ಉದ್ದಕ್ಕೆ ಬರೀತಾ ಹೋಗತ್ತೆ. ಜನ ಇದನ್ನ ಓದಲ್ಲ! ಗೂಗಲ್‌ನಲ್ಲಿ ಸಿಕ್ಕಿದ ಹತ್ತು ವರ್ಷ ಹಳೇ ಬ್ಲಾಗ್ ನೋಡಿ ಕಾನ್ಫಿಗ್ ಎಲ್ಲಾ ಬದಲಾಯಿಸಿ ಆಮೇಲೆ ಯಾಕೆ ಓಡ್ತಿಲ್ಲ ಅಂತ ಕೇಳ್ತಾರೆ. ಡೀಫಾಲ್ಟ್ ಕಾನ್ಫಿಗ್ ಬಹಳಷ್ಟು ಕಡೆ ಹಾಗೇ ಓಡತ್ತೆ, ಒಂದು ಬದಲಾವಣೆ ಮಾಡಿ, ಡೀಬಗ್ ನೋಡಿ, ಓಡ್ತಿದ್ರೆ ಒಂದು ಕಾಪಿ ಇಟ್ಕೊಂಡು ಮುಂದಿನದಕ್ಕೆ ಹೋಗಿ.

ಮೊದಲು ಯೂಸರ್ಸ್ ಫೈಲಲ್ಲಿ ಒಬ್ಬ ಟೆಸ್ಟ್ ಯೂಸರನ್ನ ಬರೆದು ಅದೇ ಮಶೀನಿಂದ ರಾಡ್‌ಟೆಸ್ಟ್ ಕಮಾಂಡ್ ಕೊಟ್ಟು ಆಕ್ಸೆಸ್-ಆಕ್ಸೆಪ್ಟ್ ಅನ್ನೋ "ಬಿಡು" ಉತ್ತರ ಬರ್ತಿದ್ಯಾ ನೋಡಿ. ಆಮೇಲೆ ಕ್ಲೈಂಟ್ಸ್ ಫೈಲ್. ಇಲ್ಲಿ ಕ್ಲೈಂಟ್ ಅಂದ್ರೆ ಫೋನಲ್ಲ, ಸ್ವಿಚ್ಚು ಮತ್ತೆ ಆಕ್ಸೆಸ್ ಪಾಯಿಂಟು, ಇದನ್ನ ಹೊಸಬರು ಯಾವಾಗಲೂ ಗೊಂದಲ ಮಾಡ್ಕೋತಾರೆ. ಪ್ರತಿಯೊಂದಕ್ಕೂ ಐಪಿ ಮತ್ತೆ ಸೀಕ್ರೆಟ್ ಕೊಡ್ಬೇಕು. ಲೋಕಲ್‌ಹೋಸ್ಟ್‌ಗೆ ಅಂತ ಫೈಲಲ್ಲಿ ಟೆಸ್ಟಿಂಗ್123 ಅಂತ ಒಂದು ಸೀಕ್ರೆಟ್ ಬರೆದೇ ಬರತ್ತೆ, ಅದನ್ನೇ ಇಡೀ ಕ್ಯಾಂಪಸ್ಸಿನ ಸ್ವಿಚ್ಚಿಗೆ ಹಾಕ್ಬೇಡಿ, ಪ್ರಪಂಚಕ್ಕೆಲ್ಲಾ ಗೊತ್ತಿರೋ ಸೀಕ್ರೆಟ್ ಅದು. ಸ್ವಿಚ್ ಕಳಿಸ್ತಿದೆ, ಡೀಬಗ್‌ನಲ್ಲಿ ಏನೂ ಕಾಣ್ತಿಲ್ಲ ಅಂದ್ರೆ ಯುಡಿಪಿ ಪೋರ್ಟ್ ನಂಬರ್ ನೋಡಿ, ಇದು ವೈರ್ ಸಿಕ್ಕಿಸೋ ಪೋರ್ಟಲ್ಲ, ಈಗಿನ ನಂಬರ್ 1812 ಮತ್ತೆ 1813, ಆದ್ರೆ ಹಳೇ ಸಿಸ್ಕೋ ಸ್ವಿಚ್ಚುಗಳು ಹೇಳದೇ ಇದ್ರೆ 1645ಕ್ಕೆ ಕಳಿಸ್ತಾ ಕೂತಿರತ್ವೆ.

ಈಗ ಇಎಪಿಯಲ್ಲಿ ಯಾವ ಬಗೆ ಹಾಕೋದು ಅನ್ನೋದು. ನಿಮ್ಮ ಪಾಸ್‌ವರ್ಡ್‌ಗಳು ಎಲ್ಲಿವೆ, ಯಾವ ರೂಪದಲ್ಲಿವೆ ಅನ್ನೋದರ ಮೇಲೆ ಇದು ನಿಂತಿದೆ, ನಿಮಗೆ ಯಾವುದು ಇಷ್ಟ ಅನ್ನೋದರ ಮೇಲಲ್ಲ. ಎಲ್ಲರಿಗೂ ಗೊತ್ತಿರೋದು ಪೀಪ್ ಜೊತೆ ಎಂಎಸ್‌ಚಾಪ್ ವಿ2, ಪೀಪ್ ಅಂದ್ರೆ ಹೊರಗಿನ ಎನ್‌ಕ್ರಿಪ್ಟ್ ಆದ ಸುರಂಗ, ಎಂಎಸ್‌ಚಾಪ್ ಅಂದ್ರೆ ಅದರೊಳಗೆ ಪಾಸ್‌ವರ್ಡ್ ಕಳಿಸದೇ ಅದು ಗೊತ್ತಿದೆ ಅಂತ ತೋರಿಸೋ ರೀತಿ. ಎಲ್ಲಾ ಫೋನಲ್ಲೂ ಇದೆ, ಆದ್ರೆ ಅದಕ್ಕೆ ಸರ್ವರ್ ಹತ್ರ ಒಂದೋ ಪಾಸ್‌ವರ್ಡ್ ನೇರವಾಗಿ ಇರ್ಬೇಕು, ಇಲ್ಲಾ ವಿಂಡೋಸಿನ ಎನ್‌ಟಿ ಹ್ಯಾಷ್ ಇರ್ಬೇಕು. ಯೂಸರ್‌ಗಳ ಪಟ್ಟಿ ಇರೋ ನಿಮ್ಮ ಎಲ್‌ಡ್ಯಾಪ್‌ನಲ್ಲಿ ಪಾಸ್‌ವರ್ಡನ್ನ ಉಪ್ಪು, ಅಂದ್ರೆ ಸಾಲ್ಟ್ ಅನ್ನೋ ಯದ್ವಾತದ್ವಾ ಅಕ್ಷರ, ಬೆರೆಸಿ ಎಸ್‌ಎಚ್‌ಎ ಥರದ ಹ್ಯಾಷ್ ಮಾಡಿ ಇಟ್ಟಿದ್ರೆ ಎಂಎಸ್‌ಚಾಪ್ ಓಡಲ್ಲ, ಎಷ್ಟೇ ಕಾನ್ಫಿಗ್ ತಿರುಚಿದ್ರೂ ಓಡಲ್ಲ, ಅದು ಗಣಿತದ ಮಾತು. ಈಗ ತುಂಬಾ ಕಾಲೇಜಲ್ಲಿ ಇಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದೆ, ಅದೇ ಪಾಸ್‌ವರ್ಡ್ ವೈಫೈಗೂ ಬೇಕು ಅಂತಾರೆ, ಅಲ್ಲೂ ಅದೇ ಕಥೆ, ಗೂಗಲ್ ನಿಮಗೆ ಹ್ಯಾಷ್ ಕೊಡಲ್ಲ. ಅಂಥ ಕಡೆ ಪೀಪ್ ಥರದ್ದೇ ಇನ್ನೊಂದು ಸುರಂಗ ಟಿಟಿಎಲ್‌ಎಸ್ ಒಳಗೆ ಪ್ಯಾಪ್ ಹಾಕಿ, ಅಂದ್ರೆ ಟಿಎಲ್‌ಎಸ್ ಎನ್‌ಕ್ರಿಪ್ಶನ್ನಿನ ಸುರಂಗದ ಒಳಗೆ ಪಾಸ್‌ವರ್ಡ್ ಹಾಗೇ ಬರತ್ತೆ, ಸರ್ವರ್ ಅದನ್ನ ತಗೊಂಡು ಎಲ್‌ಡ್ಯಾಪ್‌ಗೆ ಬೈಂಡ್ ಮಾಡಿ, ಅಂದ್ರೆ ಅದೇ ಪಾಸ್‌ವರ್ಡಲ್ಲಿ ಲಾಗಿನ್ ಆಗಿ ನೋಡತ್ತೆ. ವಿಂಡೋಸ್ 8ರಿಂದ ಈಚೆಗೆ ಟಿಟಿಎಲ್‌ಎಸ್ ವಿಂಡೋಸ್ ಜೊತೆಗೇ ಬರತ್ತೆ, ಬೇರೆ ಸಾಫ್ಟ್‌ವೇರ್ ಬೇಡ.

ಎಂಎಸ್‌ಚಾಪ್ ವಿ2 ಬಗ್ಗೆ ಇನ್ನೊಂದು ಮಾತು. 2012ರಲ್ಲಿ ಡೆಫ್‌ಕಾನ್ ಅನ್ನೋ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತೆ ಡೇವಿಡ್ ಹಲ್ಟನ್ ಸೇರ್ಕೊಂಡು ಇದನ್ನ ಒಡೆಯೋದು ಅಂದ್ರೆ ಡಿಇಎಸ್ ಅನ್ನೋ ಹಳೇ ಎನ್‌ಕ್ರಿಪ್ಶನ್ನಿನ ಒಂದೇ ಒಂದು 56 ಬಿಟ್ ಕೀ ಹುಡುಕೋದು ಅಷ್ಟೇ ಅಂತ ತೋರಿಸಿದ್ರು, ಪಾಸ್‌ವರ್ಡ್ ಎಷ್ಟು ಉದ್ದ ಇದ್ರೂ ಸರಿ, ಒಂದು ದಿನದೊಳಗೆ ಮುಗಿಯತ್ತೆ ಅಂತ. ಅಂದ್ರೆ ಪೀಪ್ ಆಗ್ಲಿ ಟಿಟಿಎಲ್‌ಎಸ್ ಆಗ್ಲಿ, ನಿಮ್ಮನ್ನ ಕಾಪಾಡ್ತಿರೋದು ಹೊರಗಿನ ಟಿಎಲ್‌ಎಸ್ ಸುರಂಗ ಮಾತ್ರ. ಆ ಸುರಂಗದ ಆ ತುದೀಲಿ ಯಾರಿದಾರೆ ಅಂತ ನೋಡ್ದೇ ಒಳಗೆ ಪಾಸ್‌ವರ್ಡ್ ಹಾಕಿದ್ರೆ ಎರಡೂ ಒಂದೇ.

ನಾನು ಇವತ್ತು ಬಂದಿರೋದೇ ಇದನ್ನ ಹೇಳೋಕೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರಲ್ಲ, ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯತ್ತೆ, ಬಾಗಿಲು ತೆಗೆದ್ರೆ ಮುಗೀತು ಅಂತ. ಈವಿಲ್ ಟ್ವಿನ್ ಅಂದ್ರೆ ಅದೇ ದೆವ್ವ. ಒಬ್ಬ ಹುಡುಗ ಕ್ಯಾಂಟೀನ್‌ನಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ನಿಮ್ಮ ಕಾಲೇಜಿನದೇ ವೈಫೈ ಹೆಸರು ಹಾಕಿ ತನ್ನದೇ ರೇಡಿಯಸ್ ಓಡಿಸ್ತಾನೆ. ನಿಮ್ಮ ಮೇಷ್ಟ್ರ ಫೋನು ಹೆಸರು ನೋಡಿ ಓಡಿಹೋಗಿ ಕನೆಕ್ಟ್ ಆಗತ್ತೆ. ಅವನು ಒಂದು ಸರ್ಟಿಫಿಕೇಟ್, ಅಂದ್ರೆ ಸರ್ವರಿನ ಗುರುತಿನ ಚೀಟಿ, ತೋರಿಸ್ತಾನೆ, ಫೋನ್ ಅದನ್ನ ಪರೀಕ್ಷೆ ಮಾಡದೇ ಇದ್ರೆ, ಅಥವಾ "ಟ್ರಸ್ಟ್" ಅಂತ ಬಂದಿದ್ದನ್ನ ಮೇಷ್ಟ್ರು ಒತ್ತಿಬಿಟ್ರೆ, ಟಿಟಿಎಲ್‌ಎಸ್ ಪ್ಯಾಪ್ ಆದ್ರೆ ಪಾಸ್‌ವರ್ಡ್ ಆ ಕ್ಷಣವೇ ಅವನ ಕೈಲಿ, ಎಂಎಸ್‌ಚಾಪ್ ಆದ್ರೆ ಸ್ವಲ್ಪ ಹೊತ್ತು. ಅದು ಇಮೇಲ್ ಪಾಸ್‌ವರ್ಡೂ ಹೌದು, ಮಾರ್ಕ್ಸ್ ಎಂಟ್ರಿ ಪಾಸ್‌ವರ್ಡೂ ಹೌದು. ಶೇರ್ಡ್ ಪಾಸ್‌ವರ್ಡ್ ಇದ್ದಾಗ ಹೋಗ್ತಿದ್ದಿದ್ದು ವೈಫೈ ಮಾತ್ರ, ಈಗ ಮೇಷ್ಟ್ರ ಇಡೀ ಅಕೌಂಟೇ ಹೋಗತ್ತೆ. ಸರ್ಟಿಫಿಕೇಟ್ ಚೆಕ್ ಇಲ್ಲದ 802.1ಎಕ್ಸ್‌ಗಿಂತ ಗೋಡೆ ಮೇಲೆ ಬರೆದ ಪಾಸ್‌ವರ್ಡೇ ವಾಸಿ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಹಾಗಾಗಿ ಫೋನಲ್ಲಿ ಎರಡು ವಿಷಯ ಕೂರಿಸ್ಬೇಕು. ಯಾವ ಸಿಎ, ಅಂದ್ರೆ ಸರ್ಟಿಫಿಕೇಟಿಗೆ ಸಹಿ ಹಾಕೋರನ್ನ, ನಂಬ್ಬೇಕು, ಮತ್ತೆ ಸರ್ವರ್ ಹೆಸರು ಏನಿರ್ಬೇಕು. ಆಂಡ್ರಾಯ್ಡ್‌ನಲ್ಲಿ ಮೊದಲು "ಪರೀಕ್ಷೆ ಬೇಡ" ಅನ್ನೋ ಆಯ್ಕೆ ಇತ್ತು, ಎಲ್ಲಾ ಕಾಲೇಜಿನ ಪಿಡಿಎಫ್ ಸೂಚನೆಯಲ್ಲೂ ಅದನ್ನೇ ಆರಿಸಿ ಅಂತ ಇರ್ತಿತ್ತು. ಆಂಡ್ರಾಯ್ಡ್ 11ಕ್ಕೆ 2020ರ ಡಿಸೆಂಬರ್‌ನಲ್ಲಿ ಬಂದ ಅಪ್‌ಡೇಟ್‌ನಲ್ಲಿ ಗೂಗಲ್ ಅದನ್ನ ಪಿಕ್ಸೆಲ್ ಫೋನಿಂದ ತೆಗೆದುಹಾಕ್ತು, "ವೈಫೈ ಕೆಟ್ಟೋಯ್ತು" ಅಂತ ಬೈಕೊಂಡವರು ಬಹಳ. ನನ್ನ ಕೇಳಿದ್ರೆ ಗೂಗಲ್ ಮಾಡಿದ್ದು ಸರಿ.

ಸರ್ಟಿಫಿಕೇಟ್ ಎಲ್ಲಿಂದ ತರೋದು ಅನ್ನೋದು ಮುಂದಿನ ಪ್ರಶ್ನೆ. ವೆಬ್‌ಸೈಟಿಗೆ ಹಾಕೋ ಲೆಟ್ಸ್ ಎನ್‌ಕ್ರಿಪ್ಟ್ ಇಲ್ಲೂ ಹಾಕ್ಬಹುದು, ಆದ್ರೆ ಪದೇ ಪದೇ ಬದಲಾಗತ್ತೆ, ಫೋನಲ್ಲಿ ಸಿಎ ಮತ್ತೆ ಹೆಸರು ಸರಿಯಾಗಿ ಕೂರಿಸದೇ ಆ ಒಂದು ಸರ್ಟಿಫಿಕೇಟನ್ನೇ ನಂಬಿಸಿದ್ರೆ ಪ್ರತಿಸಲ ಐಫೋನ್ ಇದನ್ನ ನಂಬ್ಲಾ ಅಂತ ಕೇಳತ್ತೆ, ಜನಕ್ಕೆ ಟ್ರಸ್ಟ್ ಒತ್ತೋದೇ ಅಭ್ಯಾಸ ಆಗತ್ತೆ, ಅದೇ ನಮಗೆ ಬೇಡದ ಅಭ್ಯಾಸ. ನಿಮ್ಮದೇ ಪ್ರೈವೇಟ್ ಸಿಎ ಮಾಡಿ, ಅದಕ್ಕೆ ಉದ್ದ ಆಯಸ್ಸು ಕೊಡಿ, ಅದರಿಂದ ಸರ್ವರ್ ಸರ್ಟಿಫಿಕೇಟ್ ಮಾಡಿ. ಫ್ರೀರೇಡಿಯಸ್ ಜೊತೆಗೆ ಬರೋ ಸ್ಯಾಂಪಲ್ ಸರ್ಟಿಫಿಕೇಟ್ ಟೆಸ್ಟಿಗೆ ಮಾತ್ರ. ಮತ್ತೆ ವಿಂಡೋಸ್‌ಗೆ ಸರ್ಟಿಫಿಕೇಟ್ ಒಳಗೆ ಇದು ಸರ್ವರ್‌ಗೆ ಅಂತ ಒಂದು ವಿಶೇಷ ಗುರುತು ಇರ್ಲೇಬೇಕು, ಸರ್ವರ್ ಆಥ್ ಅಂತಾರೆ, ಅದಿಲ್ಲದೇ ಇದ್ರೆ ಕೆಲವು ಫೋನಲ್ಲಿ ಓಡಿದ್ರೂ ವಿಂಡೋಸ್ ಸುಮ್ಮನೆ ಕೈಬಿಡತ್ತೆ, ಯಾಕೆ ಅಂತ ಹೇಳಲ್ಲ.

ಸಾವಿರಾರು ಫೋನಿಗೆ ಇದನ್ನ ಕೈಯಲ್ಲಿ ಹಾಕೋಕಾಗಲ್ಲ. ಎಜುರೋಮ್ ಸೇರಿದ್ರೆ ಅವರದ್ದೇ ಕ್ಯಾಟ್ ಅನ್ನೋ ಟೂಲ್ ಇದೆ, ನಿಮ್ಮ ಕಾಲೇಜಿನ ಸೆಟ್ಟಿಂಗ್ ಒಂದ್ಸಲ ಕೊಟ್ರೆ ಎಲ್ಲಾ ಥರದ ಡಿವೈಸಿಗೂ ಇನ್‌ಸ್ಟಾಲರ್ ಮಾಡಿಕೊಡತ್ತೆ. ಎಜುರೋಮ್ ಗೊತ್ತಿಲ್ಲದವರಿಗೆ, ಇದು 2000ದ ಮೊದಲ ವರ್ಷಗಳಲ್ಲಿ ಯುರೋಪಿನ ಯೂನಿವರ್ಸಿಟಿಗಳಲ್ಲಿ ಶುರುವಾಗಿದ್ದು, ಭಾರತದಲ್ಲಿ ಶಿಕ್ಷಣ ಸಂಸ್ಥೆಗಳ ನೆಟ್‌ವರ್ಕ್ ಅರ್ನೆಟ್ ನೋಡ್ಕೊಳ್ಳತ್ತೆ. ನಿಮ್ಮ ಮೇಡಂ ಜರ್ಮನಿಗೆ ಕಾನ್ಫರೆನ್ಸಿಗೆ ಹೋದ್ರೂ ಅಲ್ಲಿನ ಯೂನಿವರ್ಸಿಟಿಯಲ್ಲಿ ಫೋನ್ ತಾನೇ ಕನೆಕ್ಟ್ ಆಗತ್ತೆ, ಯಾಕಂದ್ರೆ ಯೂಸರ್‌ನೇಮ್‌ನಲ್ಲಿ ಆಟ್ (@) ಗುರುತಿನ ನಂತರ ಬರೋ ಕಾಲೇಜಿನ ಹೆಸರು ನೋಡಿ ಅಲ್ಲಿನ ಸರ್ವರ್ ರಿಕ್ವೆಸ್ಟನ್ನ ಸರ್ವರಿಂದ ಸರ್ವರಿಗೆ ದಾಟಿಸಿ ನಿಮ್ಮ ಕಾಲೇಜಿಗೆ ಮುಟ್ಟಿಸತ್ತೆ, ಪಾಸ್‌ವರ್ಡ್ ಆ ಸುರಂಗದ ಒಳಗೇ ಇರತ್ತೆ, ಜರ್ಮನಿಯವರಿಗೆ ಕಾಣಲ್ಲ. ಆದ್ರೆ ಸರ್ಟಿಫಿಕೇಟ್ ದೊಡ್ಡದಿದ್ರೆ ಮಧ್ಯೆ ಯಾವುದೋ ಫೈರ್‌ವಾಲ್ ಯುಡಿಪಿ ತುಣುಕುಗಳನ್ನ ಬಿಸಾಕತ್ತೆ, ಆಗ ಕ್ಯಾಂಪಸ್‌ನಲ್ಲಿ ಓಡೋದು ಹೊರಗಡೆ ಓಡಲ್ಲ, ಡೀಬಗ್‌ನಲ್ಲಿ ಅರ್ಧ ಮಾತಾಡಿ ಸುಮ್ಮನಾಗಿರತ್ತೆ. ಆ ಲಕ್ಷಣ ನೆನಪಿರ್ಲಿ.

ಪಾಸ್‌ವರ್ಡ್ ಜಂಜಾಟವೇ ಬೇಡ ಅನ್ನೋರಿಗೆ ಇಎಪಿ ಟಿಎಲ್‌ಎಸ್, ಪ್ರತಿ ಡಿವೈಸಿಗೂ ಅದರದೇ ಸರ್ಟಿಫಿಕೇಟ್. ಕದಿಯೋಕೆ ಪಾಸ್‌ವರ್ಡೇ ಇಲ್ಲ, ಫೋನ್ ಕಳೆದ್ರೆ ಆ ಒಂದನ್ನ ರದ್ದು ಮಾಡಿದ್ರಾಯ್ತು. ಕಾಲೇಜಿನದೇ ಆದ ಲ್ಯಾಬ್ ಮತ್ತೆ ಆಫೀಸ್ ಕಂಪ್ಯೂಟರ್‌ಗಳಿಗೆ ನಾನು ಇದನ್ನೇ ಹೇಳ್ತೀನಿ, ಸ್ಟೂಡೆಂಟ್ಸ್ ಫೋನಿಗೆ ಹಂಚೋ ವ್ಯವಸ್ಥೆ ಇಲ್ಲದೇ ಕೈ ಹಾಕ್ಬೇಡಿ.

ಒಂದೇ ವೈಫೈ ಹೆಸರಿಟ್ಕೊಂಡು ಸ್ಟಾಫ್ ಬೇರೆ, ಸ್ಟೂಡೆಂಟ್ ಬೇರೆ ವಿಎಲ್ಯಾನ್‌ಗೆ, ಅಂದ್ರೆ ಅದೇ ಸ್ವಿಚ್ಚುಗಳ ಮೇಲೆ ಬೇರೆ ಮಾಡಿದ ನೆಟ್‌ವರ್ಕಿಗೆ, ಹೋಗೋ ಹಾಗೆ ಮಾಡೋದು ಸುಲಭ. ಆಕ್ಸೆಪ್ಟ್ ಜೊತೆ ಸರ್ವರ್ ಮೂರು ಅಟ್ರಿಬ್ಯೂಟ್ ಕಳಿಸ್ಬೇಕು, ಟನಲ್ ಟೈಪ್, ಟನಲ್ ಮೀಡಿಯಂ ಟೈಪ್, ಮತ್ತೆ ಟನಲ್ ಪ್ರೈವೇಟ್ ಗ್ರೂಪ್ ಐಡಿ, ಕೊನೇದರಲ್ಲಿ ವಿಎಲ್ಯಾನ್ ನಂಬರ್. ಎಡವೋದು ಎಲ್ಲಿ ಅಂದ್ರೆ, ಯಾರು ಅನ್ನೋದು ಗೊತ್ತಾಗೋದು ಇನ್ನರ್ ಟನಲ್ ಅನ್ನೋ ಒಳಗಿನ ಸರ್ವರಲ್ಲಿ, ಸ್ವಿಚ್ಚಿಗೆ ಉತ್ತರ ಹೋಗೋದು ಹೊರಗಿನದರಿಂದ, ಒಳಗಿಂದ ಹೊರಕ್ಕೆ ಆ ಅಟ್ರಿಬ್ಯೂಟ್ ಕಾಪಿ ಮಾಡೋ ಸಾಲುಗಳು ಫೈಲಲ್ಲೇ ಆಫ್ ಆಗಿ ಇರತ್ವೆ, ಆನ್ ಮಾಡ್ಕೊಳ್ಳಿ.

ಈಗ ವೈರ್ ನೆಟ್‌ವರ್ಕಿಗೆ ಬರೋಣ. ಜನ ವೈಫೈ ಕಷ್ಟ, ವೈರು ಸುಲಭ ಅಂದ್ಕೋತಾರೆ, ಉಲ್ಟಾ. ವೈಫೈಗೆ ಬರೋದೆಲ್ಲಾ ಸಾಮಾನ್ಯವಾಗಿ ಬುದ್ಧಿ ಇರೋ ಡಿವೈಸ್. ಗೋಡೆಯ ಲ್ಯಾನ್ ಪಾಯಿಂಟಿಗೆ ಸಿಕ್ಕಿಸಿರೋದು ನೋಡಿ: ಎಕ್ಸಾಮ್ ಸೆಕ್ಷನ್‌ನ ಹಳೇ ಪ್ರಿಂಟರ್, ಸಿಸಿ ಕ್ಯಾಮೆರಾ, ಹಾಜರಿ ಹಾಕೋ ಬಯೋಮೆಟ್ರಿಕ್ ಮಶೀನು, ಯಾರೋ ಎಚ್‌ಓಡಿ ತಮ್ಮ ರೂಮಿಗೆ ತಂದಿಟ್ಕೊಂಡಿರೋ ಐದು ಪೋರ್ಟಿನ ಸಣ್ಣ ಸ್ವಿಚ್ಚು. ಇವಕ್ಕೆಲ್ಲಾ ಇಎಪಿ ಗೊತ್ತಿಲ್ಲ. ಹಾಗಾಗಿ ಮೊದಲ ದಿನವೇ ಪೋರ್ಟ್ ಮುಚ್ಚಬೇಡಿ, ಓಪನ್ ಮೋಡ್‌ನಲ್ಲಿ ಬಿಡಿ, ಸ್ವಿಚ್ ಎಲ್ಲರನ್ನೂ ಕೇಳತ್ತೆ, ಯಾರನ್ನೂ ತಡೆಯಲ್ಲ, ಯಾರ್ಯಾರು ಫೇಲ್ ಆದ್ರು ಅನ್ನೋದು ಲಾಗ್‌ಗೆ ಬೀಳತ್ತೆ. ಒಂದು ಪರೀಕ್ಷೆ ಸೀಸನ್ ಪೂರ್ತಿ ಹಾಗೇ ಓಡಿಸಿ, ವರ್ಷಕ್ಕೆ ಎರಡೇ ಸಲ ಆನ್ ಆಗೋ ಮಶೀನುಗಳು ಆಗಲೇ ಹೊರಗೆ ಬರೋದು.

ಇಎಪಿ ಬರದವಕ್ಕೆ ಮ್ಯಾಬ್ ಅಂತ ಇದೆ, ಮ್ಯಾಕ್ ಅಡ್ರೆಸ್ಸನ್ನೇ ಯೂಸರ್‌ನೇಮ್ ಪಾಸ್‌ವರ್ಡ್ ಥರ ಕಳಿಸೋದು. ಸಿಸ್ಕೋ ಡೀಫಾಲ್ಟ್‌ನಲ್ಲಿ ಸ್ವಿಚ್ಚು 30 ಸೆಕೆಂಡಿಗೊಂದ್ಸಲ ಮೂರು ಸಾರಿ "ಯಾರು" ಅಂತ ಕೇಳಿ ಉತ್ತರ ಬರಲಿಲ್ಲ ಅಂದಮೇಲೆ ಮ್ಯಾಬ್‌ಗೆ ಇಳಿಯತ್ತೆ, ಅಂದ್ರೆ 90 ಸೆಕೆಂಡು. ಅಷ್ಟೊತ್ತಿಗೆ ಪ್ರಿಂಟರ್ ಡಿಎಚ್‌ಸಿಪಿ ಕೇಳಿ ಕೇಳಿ ಸುಸ್ತಾಗಿ ತನಗೆ ತಾನೇ 169.254 ಅಂತ ಶುರುವಾಗೋ, ಕೆಲಸಕ್ಕೆ ಬಾರದ ಐಪಿ ಕೊಟ್ಕೊಂಡು ಕೂತಿರತ್ತೆ. ಆಗಲೇ ಹೇಳಿದ್ದೆನಲ್ಲ, ಪೋರ್ಟ್ ತೆರೆಯೋ ತನಕ ಡಿಎಚ್‌ಸಿಪಿನೂ ಹೋಗಲ್ಲ ಅಂತ. ಆ ಟೈಮರ್ ಕಡಿಮೆ ಮಾಡಿ. ಮ್ಯಾಬ್ ಅನ್ನೋದು ನಂಬಿಕೆ ಅಲ್ಲ ಅನ್ನೋದೂ ಗೊತ್ತಿರ್ಲಿ, ಪ್ರಿಂಟರ್ ಹಿಂದೆ ಅಂಟಿಸಿರೋ ಸ್ಟಿಕ್ಕರಲ್ಲೇ ಮ್ಯಾಕ್ ಬರೆದಿರತ್ತೆ, ಅದಕ್ಕೆ ಆ ಡಿವೈಸ್‌ಗಳ ವಿಎಲ್ಯಾನ್ ಬೇರೆ ಮಾಡಿ, ಪ್ರಿಂಟ್ ಸರ್ವರ್ ಬಿಟ್ಟು ಎಲ್ಲಿಗೂ ಹೋಗದ ಹಾಗೆ ಕಟ್ಟಿಹಾಕಿ.

ವಿಂಡೋಸ್ ಕಂಪ್ಯೂಟರಲ್ಲಿ ವೈರ್ ಕನೆಕ್ಷನ್ನಿಗೆ ಆಥೆಂಟಿಕೇಶನ್ ಅನ್ನೋ ಟ್ಯಾಬೇ ಕಾಣ್ತಿಲ್ಲ ಅಂತ ಫೋನ್ ಮಾಡ್ತಾರೆ. ವೈರ್ಡ್ ಆಟೋ ಕಾನ್ಫಿಗ್ ಅನ್ನೋ ಸರ್ವಿಸ್ ತಾನಾಗೇ ಶುರುವಾಗಲ್ಲ, ಅದನ್ನ ಸರ್ವಿಸಸ್‌ನಲ್ಲಿ ಆಟೋಮ್ಯಾಟಿಕ್ ಮಾಡಿ, ಟ್ಯಾಬ್ ಬರತ್ತೆ. ಡೊಮೈನ್‌ಗೆ ಸೇರಿಸಿರೋ ಮಶೀನ್ ಆದ್ರೆ ಮಶೀನ್ ಆಥೆಂಟಿಕೇಶನ್ ಕೂಡ ಹಾಕಿ, ಇಲ್ಲಾಂದ್ರೆ ಯೂಸರ್ ಲಾಗಿನ್ ಆಗೋಕೆ ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಸಿಗೋಕೆ ಯೂಸರ್ ಲಾಗಿನ್ ಆಗ್ಬೇಕು. ಇದೇ ಥರದ್ದು ರಾಸ್‌ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಲ್ಲೂ ಇದೆ, ಹಳೇ ಮಾಡೆಲ್‌ಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ, ಟೈಮ್ ತಪ್ಪಿದ್ರೆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅನ್ನತ್ತೆ, ಟೈಮ್ ಸರಿಮಾಡೋಕೆ ನೆಟ್‌ವರ್ಕ್ ಬೇಕು. ಐಓಟಿ ಲ್ಯಾಬಿನವರು ನಗ್ತಿದೀರ, ಅನುಭವ ಆಗಿದೆ ಅನ್ಸತ್ತೆ.

ವೈರಲ್ಲಿ ಒಂದು ಕೊರತೆ ಉಳಿಯತ್ತೆ. ವೈಫೈನಲ್ಲಿ ಪ್ರತಿ ಪ್ಯಾಕೆಟ್ಟೂ ಎನ್‌ಕ್ರಿಪ್ಟ್ ಆಗಿರತ್ತೆ, ವೈರಲ್ಲಿ ಬಾಗಿಲಲ್ಲಿ ಒಂದ್ಸಲ ಕೇಳಿ ಬಿಟ್ಟಮೇಲೆ ಅಷ್ಟೇ. ಒಳಗೆ ಬಿಟ್ಟಾಗಿರೋ ಕಂಪ್ಯೂಟರ್‌ಗೂ ಗೋಡೆಗೂ ಮಧ್ಯೆ ಒಂದು ಪುಟ್ಟ ಡಬ್ಬ ಇಟ್ಟು ಅದರದೇ ಮ್ಯಾಕ್ ಹಾಕ್ಕೊಂಡ್ರೆ ಸ್ವಿಚ್ಚಿಗೆ ಗೊತ್ತಾಗಲ್ಲ. ಅದಕ್ಕೆ ಮದ್ದು ಮ್ಯಾಕ್‌ಸೆಕ್, 802.1ಎಇ, ಆದ್ರೆ ಸ್ವಿಚ್ಚೂ ಕಂಪ್ಯೂಟರೂ ಎರಡೂ ಅದಕ್ಕೆ ತಯಾರಿರ್ಬೇಕು. ನಮ್ಮಂಥ ಕಾಲೇಜಿಗೆ ಸರ್ವರ್ ರೂಮ್ ಕಡೆ ಮಾತ್ರ ಯೋಚನೆ ಮಾಡಿ ಅಂತೀನಿ.

2024ರ ಜುಲೈನಲ್ಲಿ ಬ್ಲಾಸ್ಟ್‌ರೇಡಿಯಸ್ ಅಂತ ಒಂದು ಸುದ್ದಿ ಬಂತು, ಓದಿರ್ತೀರ. ಸ್ವಿಚ್ಚಿಗೂ ಸರ್ವರ್‌ಗೂ ಮಧ್ಯೆ ಕೂತವನು ಎಂಡಿ5ನ ದೌರ್ಬಲ್ಯ ಬಳಸಿ ರಿಜೆಕ್ಟನ್ನ ಆಕ್ಸೆಪ್ಟ್ ಮಾಡ್ಬಹುದು. ಇಎಪಿ ಇದ್ದಲ್ಲಿ ಮೆಸೇಜ್ ಆಥೆಂಟಿಕೇಟರ್, ಅಂದ್ರೆ ಮಧ್ಯೆ ಯಾರೂ ತಿದ್ದಿಲ್ಲ ಅಂತ ತೋರಿಸೋ ಮುದ್ರೆ, ಕಡ್ಡಾಯ, ಅದರಿಂದ ವೈಫೈನವರು ಬಚಾವು. ಆದ್ರೆ ಮ್ಯಾಬ್ ಇಎಪಿ ಅಲ್ಲ, ಸ್ವಿಚ್ಚಿನ ಅಡ್ಮಿನ್ ಲಾಗಿನ್‌ಗೆ ರೇಡಿಯಸ್ ಇಟ್ಕೊಂಡಿದ್ರೆ ಅದೂ ಸಾಮಾನ್ಯವಾಗಿ ಇಎಪಿ ಅಲ್ಲ. ಫ್ರೀರೇಡಿಯಸ್ 3.2.5ರಿಂದ ಆ ಮುದ್ರೆಯನ್ನ ಎಲ್ಲಾ ಕ್ಲೈಂಟಿಗೂ ಒಟ್ಟಿಗೇ ಕಡ್ಡಾಯ ಮಾಡೋ ಸೆಟ್ಟಿಂಗ್ ಇದೆ, ಸ್ವಿಚ್ಚಿನ ಫರ್ಮ್‌ವೇರೂ ಅಪ್‌ಡೇಟ್ ಮಾಡಿ, ರೇಡಿಯಸ್ ಟ್ರಾಫಿಕ್‌ಗೆ ಬೇರೆ ಮ್ಯಾನೇಜ್‌ಮೆಂಟ್ ವಿಎಲ್ಯಾನ್ ಕೊಡಿ.

ಲಾಗ್ ವಿಷಯಕ್ಕೆ, ರೇಡಿಯಸ್ ಅಕೌಂಟಿಂಗ್ ಆನ್ ಮಾಡಿ ಡೇಟಾಬೇಸಿಗೆ ಹಾಕಿ, ಯಾರು, ಯಾವ ಮ್ಯಾಕ್, ಯಾವ ಪೋರ್ಟ್, ಯಾವಾಗಿಂದ ಯಾವಾಗ ಅಂತ ಬರತ್ತೆ. ಐಪಿ ಎಲ್ಲಾ ಸ್ವಿಚ್ಚೂ ಕಳಿಸಲ್ಲ, ಅದಕ್ಕೆ ಡಿಎಚ್‌ಸಿಪಿ ಲಾಗೂ ಬೇಕು, ಒಳಗಿನ ಐಪಿಯನ್ನ ಹೊರಗಿನ ಐಪಿಗೆ ಬದಲಾಯಿಸೋ ನ್ಯಾಟ್‌ನ ಲಾಗೂ ಬೇಕು, ಮೂರರ ಗಡಿಯಾರವೂ ಒಂದೇ ಇರ್ಬೇಕು. ಸರ್ಟ್-ಇನ್ ಆದೇಶದಲ್ಲಿ ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಇಲ್ಲಾ ಎನ್‌ಪಿಎಲ್‌ನ ಟೈಮ್ ಸರ್ವರ್‌ಗೆ ಹೊಂದಿಸಿ ಅಂತ ಹೇಳಿದೆ. ಇನ್ನು ಫೋನ್ ಹೊರಗೆ ತೋರಿಸೋ ಹೆಸರು ಅನಾಮಧೇಯ ಇರ್ಬಹುದು, ಒಳಗಿನ ನಿಜವಾದ ಹೆಸರು ಲಾಗ್‌ಗೆ ಬೀಳ್ತಿದ್ಯಾ ಅಂತ ಒಂದ್ಸಲ ನೋಡ್ಕೊಳ್ಳಿ.

ಕೊನೇದಾಗಿ, ಸರ್ವರ್ ಒಂದೇ ಇಡ್ಬೇಡಿ, ಎರಡಿಡಿ, ಎರಡಕ್ಕೂ ಅದೇ ಸಿಎ ಇರ್ಲಿ, ಸ್ವಿಚ್ಚಲ್ಲೂ ಎರಡೂ ಅಡ್ರೆಸ್ ಬರೀರಿ. ಸರ್ವರ್ ರೂಮಲ್ಲಿ ಒಂದು ಪೋರ್ಟಿಗೆ 802.1ಎಕ್ಸ್ ಹಾಕದೇ ಬಿಡಿ, ರೇಡಿಯಸ್ ಸತ್ತ ದಿನ ನೀವೇ ಒಳಗೆ ಹೋಗೋಕೆ ದಾರಿ ಬೇಕಲ್ಲ. ಸಿಎಯ ಕೀ ಫೈಲನ್ನ ರೇಡಿಯಸ್ ಸರ್ವರಲ್ಲಿ ಇಡ್ಬೇಡಿ, ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡಿ, ಅದರ ಪಾಸ್‌ಫ್ರೇಸ್ ಇಬ್ಬರಿಗೆ ಗೊತ್ತಿರ್ಲಿ, ಒಬ್ರು ಟ್ರಾನ್ಸ್‌ಫರ್ ಆಗಿಹೋಗ್ತಾರೆ. ಸರ್ವರ್ ಸರ್ಟಿಫಿಕೇಟ್ ಮುಗಿಯೋ ತಾರೀಖನ್ನ ಕ್ಯಾಲೆಂಡರ್‌ಗೆ ಹಾಕಿ, ಅದು ಇಂಟರ್ನಲ್ಸ್ ವಾರಕ್ಕೆ ಬೀಳದ ಹಾಗೆ ಈಗಲೇ ನೋಡ್ಕೊಳ್ಳಿ. ಇನ್ನು ಪ್ರಶ್ನೆ ಕೇಳಿ, ಲ್ಯಾಪ್‌ಟಾಪ್ ತಂದಿರೋರು ಮುಂದೆ ಬನ್ನಿ, ಡೀಬಗ್ ಮೋಡ್‌ನಲ್ಲಿ ಒಂದು ರಿಜೆಕ್ಟ್ ಹೇಗಿರತ್ತೆ ಅಂತ ಓದಿ ತೋರಿಸ್ತೀನಿ.